ಠೇಸನ್ ಪೇಟೆಗೆ ನಮ್ಮ ಮನೆಯ ಕೆಂಡ

ಠೇಸನ್ ಪೇಟೆಗೆ ಮೂಲನಿವಾಸಿಗಳು ಅಂತ ಯಾರಾದರೂ ಇದ್ದರೆ ಅವು ಜಾಲಿಗಿಡ, ಓತಿಕ್ಯಾತ ಮತ್ತು ಚೇಳು. ಉಳಿದವರೆಲ್ಲ ಎಲ್ಲಿಂದಲೋ ಬಂದವರೇ. ಇದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ. ಯಾಕೆಂದರೆ ಆ ಪೇಟೆಯ ಯಾವನಾದರೂ ಎದೆಯ ಮೇಲೆ ಕೈಯಿಟ್ಟು ತಾನು ಅಲ್ಲಿನ ಹಳಬ ಎಂದರೆ ಈ ವಯಸ್ಸಿನಲ್ಲಿಯೂ ನನಗೆ ಮೈ ಉರಿಯುತ್ತದೆ. ಉರಿಯುವುದು ಡಾಕ್ಟರು ಬೇಡವೆಂದಿರುವ ಸಂಗತಿ. ರಾಯದುರ್ಗದ ಹಳೆಯ ಊರು ಬೆಟ್ಟದ ಬುಡಕ್ಕೆ ಬೆನ್ನು ಕೊಟ್ಟುಕೊಂಡು ಕೂತಿತ್ತು. ನಮ್ಮದು ಅದರಿಂದ ಆಚೆ, ಬಯಲಿನಲ್ಲಿ. ಬಳ್ಳಾರಿಯಿಂದ ಬರುವ ರೈಲು ನಮ್ಮ ಠೇಸನ್ನಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದಕ್ಕೆ ಹೋಗಲು ಹಳಿಯೇ ಇರಲಿಲ್ಲ. ಹಳಿ ಮುಗಿದ ಕಡೆ ಇಳಿದವರು ಬೇರೆ ದಾರಿ ಕಾಣದೆ ಅಲ್ಲಿಯೇ ಮನೆ ಹಿಡಿದರು. ನಮ್ಮ ಪೇಟೆಯ ಸ್ಥಳಪುರಾಣ ಇಷ್ಟೇ, ಇದರಲ್ಲಿ ದೇವರೂ ಇಲ್ಲ, ಋಷಿಯೂ ಇಲ್ಲ. ನಮ್ಮಜ್ಜ ರೈಲ್ವೆ ಕಟ್ಟಡಕ್ಕೆ ಕಲ್ಲು ಹೊಡೆಸುವ ಗುತ್ತಿಗೆ ಹಿಡಿದವನು. ಉಳಿದ ಕಲ್ಲಿನಲ್ಲಿ ಅಲ್ಲಿಯೇ ಮೊದಲ ಮನೆ ಕಟ್ಟಿಸಿದ. ಉಳಿದ ಕಲ್ಲು ಎಂಬುದು ನಮ್ಮ ಮನೆಯವರ ಮಾತು. ರೈಲ್ವೆಯವರನ್ನು ಯಾರೂ ಕೇಳಲಿಲ್ಲ.

ಮೊದಲ ಮನೆಯಾದ್ದರಿಂದ ನಮಗೊಂದು ಅಧಿಕಾರ ತಾನಾಗಿಯೇ ಬಂದಿತ್ತು. ಪೇಟೆಗೆ ಯಾರೇ ಹೊಸದಾಗಿ ಸಂಸಾರ ಹೂಡಲಿ, ಅವರ ಮೊದಲ ಒಲೆ ನಮ್ಮ ಒಲೆಯ ಕೆಂಡದಿಂದ ಹೊತ್ತಬೇಕು. ಕಡ್ಡಿಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವೆಂದಲ್ಲ. ಕಡ್ಡಿ ಗೀರಿದರೆ ಒಲೆ ಹೊತ್ತುತ್ತಿತ್ತು, ಆದರೆ ಪೇಟೆಯವರಾಗುತ್ತಿರಲಿಲ್ಲ. ನಮ್ಮ ಕೆಂಡ ಬಿದ್ದ ಮನೆಗೆ ನೆರೆಯವರು ಮಜ್ಜಿಗೆ ಕೇಳಲು ಹೋಗುತ್ತಿದ್ದರು, ಹೆರಿಗೆಗೆ ಸೂಲಗಿತ್ತಿ ಬರುತ್ತಿದ್ದಳು, ಸತ್ತರೆ ಹೆಗಲು ಕೊಡಲು ನಾಲ್ಕು ಜನ ಸಿಗುತ್ತಿದ್ದರು. ಈ ಅಗ್ನಿಖಾತೆಯ ಸರ್ವಾಧಿಕಾರಿ ನಮ್ಮಪ್ಪನ ತಾಯಿ, ಸಿದ್ದಮ್ಮಜ್ಜಿ. ಅಡುಗೆ ಮನೆಯ ಮೂಲೆಯ ದೊಡ್ಡ ಒಲೆಯನ್ನು ಆಕೆ ಆರಗೊಡುತ್ತಿರಲಿಲ್ಲ. ಮಲಗುವ ಮುನ್ನ ಕುಳ್ಳಿನ ಕೆಂಡಕ್ಕೆ ಬೂದಿ ಮುಚ್ಚಿ, ಮಗುವಿಗೆ ಹೊದಿಸಿದಂತೆ ಎರಡು ಸಲ ತಟ್ಟಿ ಬರುತ್ತಿದ್ದಳು. ಕೆಂಡವನ್ನು ಮಣ್ಣಿನ ಬೋಕಿಯಲ್ಲಿ ಹೊತ್ತು ಹೊಸಬರ ಮನೆಗೆ ಮುಟ್ಟಿಸುವುದು ಮನೆಯ ಮದುವೆಯಾಗದ ಹುಡುಗಿಯ ಕೆಲಸ. ಆ ಹುದ್ದೆಯಲ್ಲಿ ನಾನಿದ್ದೆ. ಸಂಬಳವಿರಲಿಲ್ಲ, ಹೋದ ಮನೆಯಲ್ಲಿ ಬೆಲ್ಲದ ತುಂಡು ಕೊಡುತ್ತಿದ್ದರು. ಕೊಡದವರ ಹೆಸರು ಇಂದಿಗೂ ನನಗೆ ಮರೆತಿಲ್ಲ.

ಹೀಗೆ ಯಾರು ಯಾರಿಗೆ ಕೆಂಡ ಹೊತ್ತಿಲ್ಲ ನಾನು! ಪಾರ್ಸಲ್ ಗುಮಾಸ್ತರು ಮದ್ರಾಸಿನ ಕಡೆಯ ತಮಿಳರು. ಅವರ ಹೆಂಡತಿ ಅಲಮೇಲಮ್ಮ ಬಹಳ ಮಡಿಯ ಹೆಂಗಸು. ಹೊರಗಿನಿಂದ ಬಂದ ಕೆಂಡವನ್ನು ಶುದ್ಧ ಮಾಡಿಕೊಳ್ಳಲೆಂದು ಅದರ ಮೇಲೆ ಮೂರು ಸಲ ನೀರು ಚಿಮುಕಿಸಿದಳು. ಕೆಂಡ ಶುದ್ಧವೂ ಆಯಿತು, ಇದ್ದಿಲೂ ಆಯಿತು. ನಾನು ಮತ್ತೊಂದು ಸಲ ಹೊತ್ತೆ. ಬೆಂಕಿಗೆ ಮೈಲಿಗೆಯಿಲ್ಲ, ನೀರಿಗೆ ಬುದ್ಧಿಯಿಲ್ಲ ಎಂದು ಅಜ್ಜಿ ಬಹುಕಾಲ ಆಡಿಕೊಂಡಳು. ಮರಾಠಿ ಮಾತಾಡುವ ಸಿಂಪಿಗರ ತುಕ್ಕಪ್ಪ ಬಂದ. ಸೀಮೆಎಣ್ಣೆ ಮಾರುವ ಮಾರವಾಡಿ ಬಂದ. ಅವನ ಹೆಂಡತಿಯ ಮುಖವನ್ನು ನಾನು ನೋಡಿದ್ದು ಮುಸುಕಿನ ಮೂಲಕವೇ. ಕಡಪದ ಕಡೆಯಿಂದ ಸುಬ್ಬಯ್ಯನವರು ಬಂದರು. ಕೋರ್ಟಿನಲ್ಲಿ ಅಮೀನರಾಗಿದ್ದು, ಜನರ ಮನೆಯ ಪಾತ್ರೆ ಪಡಗ ಜಪ್ತಿ ಮಾಡಿ ಮಾಡಿ ನಿವೃತ್ತರಾದವರು. ಅವರು ಬಂದಾಗ ಅವರಿಗೊಂದು ಅಕ್ಷರ ಕನ್ನಡ ಬರುತ್ತಿರಲಿಲ್ಲ, ಅವರ ಮನೆಯಾಕೆ ನಮ್ಮ ರೊಟ್ಟಿಯನ್ನು ಕಂಡು ಇದನ್ನು ಹೊದೆಯುವುದೋ ತಿನ್ನುವುದೋ ಎಂದು ತೆಲುಗಿನಲ್ಲಿ ಕೇಳಿದಳು. ಆದರೂ ಕೆಂಡ ಕೊಟ್ಟೆವು. ಬೆಳಗಾದರೆ ಒಂದೇ ಬೀದಿಯಲ್ಲಿ ಐದು ಬಗೆಯ ಒಗ್ಗರಣೆಯ ವಾಸನೆ, ಐದು ಭಾಷೆಯ ಜಗಳ. ಮಕ್ಕಳಾದ ನಾವು ಎಲ್ಲ ಭಾಷೆಗಳಲ್ಲಿ ಬೈಗುಳಗಳನ್ನು ಮೊದಲು ಕಲಿತೆವು, ಉಳಿದದ್ದು ನಿಧಾನಕ್ಕೆ ಬಂತು.

ನಮ್ಮ ಮನೆಯ ಒಳಗೇ ಒಬ್ಬ ಹೊರಗಿನವಳಿದ್ದಳು, ನನ್ನ ಅವ್ವ. ಆಕೆಯ ತವರು ಮಡಕಶಿರದ ಹತ್ತಿರದ ಹಳ್ಳಿ. ಒಂದೇ ಸೀಮೆಯಂತೆ ಕಂಡರೂ ಅಜ್ಜಿಯ ಪಾಲಿಗೆ ಅದು ಸಮುದ್ರದ ಆಚೆ. ಅವ್ವನ ಮಾತಿನ ರಾಗ ಬೇರೆ, ಸೀರೆ ಉಡುವ ಬಗೆ ಬೇರೆ, ಎಲ್ಲಕ್ಕಿಂತ ದೊಡ್ಡ ಅಪರಾಧ, ಆಕೆ ರಾಗಿಮುದ್ದೆಯಿಲ್ಲದೆ ಬದುಕಲಾರಳು. ಜೋಳದ ರೊಟ್ಟಿ ಬೇಯುವ ಒಲೆಯ ಮೇಲೆ ರಾಗಿಯ ಗಡಿಗೆ ಏರಕೂಡದೆಂದು ಅಜ್ಜಿ, ಏರಿಸದಿದ್ದರೆ ತಾನು ಊಟ ಮಾಡುವುದಿಲ್ಲವೆಂದು ಅವ್ವ. ಮದುವೆಯಾದ ಹೊಸದರಲ್ಲಿ ಇದು ಬಹಳ ದಿನ ನಡೆಯಿತಂತೆ. ಕೊನೆಗೆ ಶೇಂಗಾ ಮಂಡಿಯಲ್ಲಿ ತೂಕ ನೋಡುತ್ತಿದ್ದ ನನ್ನ ಅಪ್ಪ, ಎರಡೂ ತಟ್ಟೆ ಸಮ ಮಾಡುವುದು ವೃತ್ತಿಯೇ ಆಗಿದ್ದರಿಂದ, ಹಿತ್ತಲಲ್ಲಿ ಸೋಗೆಯ ಕೆಳಗೆ ಮೂರು ಕಲ್ಲಿಟ್ಟು ರಾಗಿಗೊಂದು ಪ್ರತ್ಯೇಕ ರಾಜ್ಯ ಕೊಡಿಸಿದ. ಆ ಒಲೆಗೂ ಕೆಂಡ ಹೋದದ್ದು ದೊಡ್ಡ ಒಲೆಯಿಂದಲೇ. ಅಲ್ಲಿ ಅವ್ವ ತನ್ನ ಮುದ್ದೆ ತಿರುವುತ್ತ, ಹುರುಳಿ ಸಾರು ಕುದಿಸುತ್ತ, ತನ್ನ ಊರಿನ ಮಾತಿನಲ್ಲಿ ತಾನೇ ಮಾತಾಡಿಕೊಳ್ಳುತ್ತಿದ್ದಳು. ನನಗೆ ಎರಡೂ ಒಲೆಯ ಅನ್ನದ ಋಣವಿದೆ. ಹಸಿವು ಜಾಸ್ತಿಯಿದ್ದ ದಿನ ಎರಡೂ ಕಡೆ ಕೂರುತ್ತಿದ್ದೆ.

ಹುಸೇನವ್ವ ಬಂದದ್ದು ಇಂಥ ಪೇಟೆಗೆ. ಓಬಳಾಪುರದ ಕಡೆಯ ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬುವವರು. ಗಂಡ ತೀರಿಹೋಗಿ ವರ್ಷವಾಗಿತ್ತು. ಜೊತೆಗೆ ಮಗ, ಮತ್ತು ತುಂಬು ಬಸುರಿ ಸೊಸೆ. ಗಂಡ ಇದ್ದಾಗ ಆ ದಂಪತಿ ಪ್ರತಿ ಚಳಿಗಾಲ ಹಳ್ಳಿಯಿಂದ ಬಂದು ನಮ್ಮ ಪೇಟೆಯ ಮನೆಮನೆಯ ಗಾದಿಗಳನ್ನು ಹೊಡೆದು ಹದ ಮಾಡಿ ಹೋಗುತ್ತಿದ್ದರು. ಈಗ ಅದೇ ಪೇಟೆಯಲ್ಲಿ ನೆಲೆಯಾಗಬೇಕೆಂದು ಸುಬ್ಬಯ್ಯನವರ ಮನೆಯ ಎದುರಿಗಿದ್ದ ಶೆಟ್ಟರ ಖಾಲಿ ಮನೆಯನ್ನು ಕೇಳಿದರು. ಶೆಟ್ಟರು ಹಳೆಯ ಊರಿನಲ್ಲಿದ್ದವರು, ಧರ್ಮಭೀರುಗಳು. ಧರ್ಮಕ್ಕಿಂತ ಪೇಟೆಯ ಬಾಯಿಗೆ ಹೆಚ್ಚು ಹೆದರುವವರು. ಸಿದ್ದಮ್ಮನ ಮನೆಯ ಕೆಂಡ ಬಿದ್ದರೆ ನೀವು ಇರಬಹುದು, ಬೀಳದಿದ್ದರೆ ನನ್ನನ್ನು ಕೇಳಬೇಡಿ ಎಂದುಬಿಟ್ಟರು. ಸೊಸೆಗೆ ದಿನ ತುಂಬುತ್ತಿತ್ತು. ಕೆಂಡ ಕಾಣದ ಮನೆಗೆ ಸೂಲಗಿತ್ತಿ ಬರುವವಳಲ್ಲ. ಹುಸೇನವ್ವ ಒಂದು ಬೆಳಗ್ಗೆ ತೊಳೆದ ಬೋಕಿ ಹಿಡಿದು ನಮ್ಮ ಕಟ್ಟೆಯ ಕೆಳಗೆ ಬಂದು ನಿಂತಳು.

ಆಕೆಗಿಂತ ಮೊದಲೇ ನಮ್ಮ ಪಡಸಾಲೆಯಲ್ಲಿ ಒಂದು ಮಹಾಸಭೆ ಸೇರಿತ್ತು. ಅಧ್ಯಕ್ಷರು ಸುಬ್ಬಯ್ಯನವರು. ಸದಸ್ಯರು ಪಾರ್ಸಲ್ ಗುಮಾಸ್ತರು, ಸಿಂಪಿಗರ ತುಕ್ಕಪ್ಪ ಮತ್ತು ಎಣ್ಣೆಯ ಮಾರವಾಡಿ. ಇಷ್ಟು ಜನ ಒಟ್ಟಿಗೆ ಕೂತು ಒಂದು ವಿಷಯಕ್ಕೆ ತಲೆಯಾಡಿಸಿದ್ದನ್ನು ಪೇಟೆ ಅಲ್ಲಿಯವರೆಗೆ ಕಂಡಿರಲಿಲ್ಲ. ಒಬ್ಬರ ಊಟ ಇನ್ನೊಬ್ಬರು ಮುಟ್ಟದವರು, ಒಬ್ಬರ ಮಾತು ಇನ್ನೊಬ್ಬರಿಗೆ ಅರೆಬರೆ ತಿಳಿಯುವವರು, ಹೊಸಬರನ್ನು ಹೊರಗಿಡುವ ಪುಣ್ಯಕಾರ್ಯದಲ್ಲಿ ಒಂದೇ ತಾಯಿಯ ಮಕ್ಕಳಾಗಿದ್ದರು. ಮೂರನೇ ತರಗತಿಯ ಡಬ್ಬಿಯಲ್ಲಿ ಬಳ್ಳಾರಿಯಲ್ಲಿ ಕಿಟಕಿಯಿಂದ ತೂರಿ ಒಳಗೆ ಬಿದ್ದವನೇ ಮುಂದಿನ ಠೇಸನ್ನಿನಲ್ಲಿ ಬಾಗಿಲಿಗೆ ಅಡ್ಡ ನಿಂತು ಜಾಗವಿಲ್ಲ ಎನ್ನುವುದನ್ನು ನೀವೂ ನೋಡಿರುತ್ತೀರಿ. ಅವರು ಕೊಟ್ಟ ಕಾರಣವಂತೂ ಘನವಾಗಿತ್ತು. ಪಿಂಜಾರರ ಮನೆಯಲ್ಲಿ ಹತ್ತಿ ಹಾರುತ್ತದೆ, ಹತ್ತಿ ಇದ್ದಲ್ಲಿ ಬೆಂಕಿ ಕೊಡುವುದು ಪೇಟೆಗೇ ಕೊಳ್ಳಿ ಇಟ್ಟಂತೆ. ಪೇಟೆಯ ನಡುವೆ ಸೀಮೆಎಣ್ಣೆಯ ಪೀಪಾಯಿಗಳನ್ನು ಪೇರಿಸಿಕೊಂಡಿದ್ದ ಮಾರವಾಡಿ ಇದಕ್ಕೆ ಬಹಳ ಗಂಭೀರವಾಗಿ ಹೂಂಗುಟ್ಟಿದ.

ಅಜ್ಜಿಗೆ ಈ ಜನ ತನ್ನ ಪಡಸಾಲೆಗೆ ಬಂದು ಕೈಮುಗಿದು ಕೂತದ್ದೇ ಹಿತವಾಗಿತ್ತು. ಅದು ಆಕೆಯ ದೌರ್ಬಲ್ಯ. ಕೊಡುವುದಿಲ್ಲ ಎನ್ನಲಿಲ್ಲ, ಕೊಡುತ್ತೇನೆ ಎಂದೂ ಅನ್ನಲಿಲ್ಲ. ಹುಸೇನವ್ವನಿಗೆ ಇವತ್ತು ಮಂಗಳವಾರ, ನಾಳೆ ಬಾ ಎಂದಳು. ಮರುದಿನ ಬಂದಾಗ ನಕ್ಷತ್ರ ಚೆನ್ನಾಗಿರಲಿಲ್ಲ. ಆಮೇಲೆ ಅಮಾವಾಸ್ಯೆ. ಮತ್ತೊಂದು ದಿನ ಹಲ್ಲಿ ನುಡಿಯಿತು. ಪಂಚಾಂಗವೂ ಹಲ್ಲಿಯೂ ಸುಬ್ಬಯ್ಯನವರ ಸಭೆಗೆ ಸೇರಿಕೊಂಡಂತಿತ್ತು. ಹುಸೇನವ್ವ ಪ್ರತಿ ಬೆಳಗ್ಗೆ ಬಂದು ಬೋಕಿ ಹಿಡಿದು ನಿಲ್ಲುವಳು, ಹೋಗುವಳು. ಆಕೆಯ ಮಗ, ಸೊಸೆ ಸಾಮಾನಿನ ಜೊತೆ ಠೇಸನ್ನಿನ ಗೂಡ್ಸ್ ಷೆಡ್ಡಿನ ಪಕ್ಕದ ಬೇವಿನ ಮರದಡಿ ಇದ್ದರು. ಬಸುರಿಯನ್ನು ನೋಡಿ ಬಂದ ಅವ್ವ ಅಂದು ಊಟ ಮಾಡಲಿಲ್ಲ.

ಮರುದಿನ ಬೆಳಗ್ಗೆ ಪಡಸಾಲೆಯಲ್ಲಿ ಸುಬ್ಬಯ್ಯನವರು ಅಜ್ಜಿಯ ಎದುರು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹೊರಗೆ ಹುಸೇನವ್ವ ನಿಂತಿದ್ದಳು. ಹಿತ್ತಲಿಂದ ಅವ್ವ ನನ್ನನ್ನು ಕರೆದಳು. ರಾಗಿಯ ಒಲೆಯಿಂದ ಕೆಂಡ ತೆಗೆದು, ಬೂದಿ ಹಾಸಿದ ನಮ್ಮ ಬೋಕಿಯಲ್ಲಿ ತುಂಬಿ ನನ್ನ ಕೈಗಿಟ್ಟಳು. ನಾನು ಹಿತ್ತಲ ಬಾಗಿಲ ಕಡೆ ತಿರುಗಿದೆ.

“ಆ ಕಡೆ ಎಲ್ಲೋಯ್ತೀಯೆ? ಕದ್ದು ಕೊಡಾಕೆ ಇದೇನು ಸಂತೆ ಬೆಲ್ಲನಾ? ತಲೆಬಾಗ್ಲಿಂದ ಹೋಗು. ನಿಮ್ಮಜ್ಜಿ ಮುಂದೇನೆ ಹೋಗು.”

ಅವ್ವನ ದನಿ ಏರಿರಲಿಲ್ಲ. ನಾನು ಅಡುಗೆ ಮನೆ ದಾಟಿ, ನಡುಮನೆ ದಾಟಿ, ಪಡಸಾಲೆಯಲ್ಲಿ ಕೂತಿದ್ದ ಇಬ್ಬರು ನ್ಯಾಯಾಧೀಶರ ನಡುವೆ ಹೊಗೆಯಾಡುವ ಬೋಕಿ ಹಿಡಿದು ನಡೆದೆ. ಸುಬ್ಬಯ್ಯನವರ ಕೈಯ ಎಲೆ ಹಾಗೆಯೇ ನಿಂತಿತು. ಅಜ್ಜಿ ನನ್ನನ್ನು ನೋಡಿದಳು, ಬೋಕಿಯನ್ನು ನೋಡಿದಳು. ಕಾಲು ಚಾಚಿಕೊಂಡಿದ್ದವಳು ನನಗೆ ದಾರಿಯಾಗುವಂತೆ ಮಡಚಿಕೊಂಡಳು. ಅದು ಒಪ್ಪಿಗೆಯೋ, ಕೆಂಡ ಸಿಡಿದೀತೆಂಬ ಭಯವೋ ಎಂದು ಆಮೇಲೆ ಮನೆಯಲ್ಲಿ ಬಹಳ ಚರ್ಚೆಯಾಯಿತು. ಹುಸೇನವ್ವ ತನ್ನ ಬೋಕಿಗೆ ಕೆಂಡ ಸುರಿದುಕೊಂಡು, ಸೆರಗಿನಿಂದ ಗಾಳಿಗೆ ಮರೆ ಮಾಡಿ ಸರಸರ ನಡೆದಳು. ಆ ಮನೆಯಲ್ಲಿ ಹಾಲು ಉಕ್ಕಿತು. ವಾರದೊಳಗೆ ಸೂಲಗಿತ್ತಿಯೂ ಬಂದಳು, ಹೆಣ್ಣು ಕೂಸೂ ಬಂತು. ಬೆಳಗಾದರೆ ಹತ್ತಿ ಹಿಂಜುವ ಬಿಲ್ಲಿನ ‘ಠಂಯ್ ಠಂಯ್’ ನಾದ ಬೀದಿಯ ಉದ್ದಕ್ಕೂ ಕೇಳತೊಡಗಿತು. ಪೇಟೆಗೆ ಬೆಂಕಿ ಬೀಳಲಿಲ್ಲ.

ಮನೆಯಲ್ಲಿ ಬಿತ್ತು. ಅಜ್ಜಿ ಅವ್ವನ ಜೊತೆ ಮಾತು ಬಿಟ್ಟಳು. ಇಬ್ಬರ ನಡುವಿನ ವ್ಯವಹಾರವೆಲ್ಲ ನನ್ನ ಮೂಲಕ ನಡೆಯಿತು. ಮೂರು ಮಾರು ದೂರದಲ್ಲಿ ನಿಂತವಳಿಗೆ ಉಪ್ಪು ಜಾಸ್ತಿಯಾಗಿದೆಯೆಂದು ಹೇಳು ಎಂದು ನನ್ನನ್ನು ಕಳಿಸುವುದು. ಅಜ್ಜಿಯ ದೂರು ಪಿಂಜಾರರಿಗೆ ಕೆಂಡ ಹೋಯಿತೆಂದಲ್ಲ, ತನ್ನನ್ನು ಕೇಳದೆ ಹೋಯಿತೆಂದು. ಅಷ್ಟರಲ್ಲಿ ಸುಬ್ಬಯ್ಯನವರು ತಮ್ಮ ಕಟ್ಟೆಯ ಮೇಲೆ ಇನ್ನೊಂದು ಸಭೆ ಕರೆದು ತೀರ್ಪು ಬರೆಸಿದಂತೆ ಹೇಳಿದರು: ಹಿತ್ತಲ ಒಲೆ ಒಲೆಯಲ್ಲ, ಅದು ರಾಗಿಯ ಒಲೆ, ಸೊಸೆಯ ಕೈಯ ಕೆಂಡ ಪೇಟೆಯ ಕೆಂಡವಲ್ಲ, ಆದ್ದರಿಂದ ಪಿಂಜಾರರು ಪೇಟೆಯವರಲ್ಲ. ಉಳಿದವರು ಹೌದೆಂದರು. ಅಲಮೇಲಮ್ಮ ಬಾಣಂತಿಗೆ ಅಂದು ಬೆಳಗ್ಗೆಯೇ ಮೆಣಸು ಬೆಳ್ಳುಳ್ಳಿ ಕಳಿಸಿದ್ದಳು. ಸಂಜೆ ಆಕೆಯ ಗಂಡ ಹೋಗಿ ಹೌದೆಂದು ಬಂದರು. ಸುಬ್ಬಯ್ಯನವರು ಹಳೆಯ ಊರಿಗೆ ನಡೆದು ಶೆಟ್ಟರಿಗೆ ಈ ತೀರ್ಪನ್ನು ಮುಟ್ಟಿಸಿದರು. ಶೆಟ್ಟರು ಬಹಳ ನೊಂದುಕೊಂಡು, ದೇವರ ಹೆಸರು ಹೇಳಿ, ಮನೆ ಖಾಲಿ ಮಾಡಿಸಿದರು.

ಬಾಣಂತಿಯ ಮೈಯಿನ್ನೂ ಹಸಿ. ತಲೆಗೆ ಕಟ್ಟಿದ ಬಟ್ಟೆಯಲ್ಲಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಹತ್ತಿಯ ಮೂಟೆಗಳ ನಡುವೆ ಕೂತಿದ್ದಳು. ಪೇಟೆಯ ಗಂಡಸರೆಲ್ಲ ತಮ್ಮ ತಮ್ಮ ಕಟ್ಟೆಗಳ ಮೇಲೆ, ಶವ ಹೋಗುವಾಗ ನಿಲ್ಲುವ ಮುಖ ಮಾಡಿಕೊಂಡು ನಿಂತಿದ್ದರು. ಹುಸೇನವ್ವ ಅಳಲಿಲ್ಲ. ಗಾಡಿ ಸುಬ್ಬಯ್ಯನವರ ಮನೆಯ ಮುಂದೆ ಬಂದಾಗ ನಿಲ್ಲಿಸಲು ಹೇಳಿದಳು.

“ಅಮೀನಪ್ಪಾರ, ನೀವು ಮಲಗೋ ಗಾದಿ ನನ್ನ ಗಂಡ ಹಿಂಜಿ ತುಂಬಿದ್ದು. ಅದರ ಮ್ಯಾಲೆ ಇನ್ನ ನಿದ್ದಿ ಬಂದ್ರ ನನಗೊಂದು ಮಾತು ಹೇಳಿ ಕಳಸ್ರಿ. ಅಂಥ ಚಲೋ ಕೆಲಸಗಾರ ಆಗಿದ್ನಾ ಅಂತ ತಿಳ್ಕೊಂತೀನಿ.”

ಗಾಡಿ ಹೋಯಿತು. ಹಳೆಯ ಊರಿನ ಕಡೆಗಲ್ಲ, ಬಯಲಿನ ಕಡೆಗೆ. ನನ್ನ ಸಿಟ್ಟು ಸುಬ್ಬಯ್ಯನವರ ಮೇಲೆ ಅಷ್ಟಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅವರಿಗೆ ಒಂದು ಉದ್ದೇಶವಾದರೂ ಇತ್ತು. ಅದು ತಿಂಗಳೊಳಗೆ ಬಯಲಾಯಿತು. ಅವರ ಅಳಿಯನಿಗೆ ನಮ್ಮ ತಾಲೂಕು ಕಚೇರಿಗೆ ವರ್ಗವಾಗಿತ್ತು, ಮಗಳು ಕಣ್ಣೆದುರಿಗೆ ಇರಬೇಕೆಂದು ಶೆಟ್ಟರ ಆ ಮನೆಯ ಮೇಲೆ ಅವರು ಮೊದಲಿನಿಂದಲೂ ಕಣ್ಣಿಟ್ಟಿದ್ದರು. ಹಾರುವ ಹತ್ತಿಯೂ ರಾಗಿಯ ಒಲೆಯೂ ಅದಕ್ಕೆ ಹಾಸಿದ ಚಾಪೆ. ಸುಬ್ಬಯ್ಯನವರಿಗೆ ಮನೆ ಸಿಕ್ಕಿತು. ಉಳಿದವರು? ಅವರು ಪುಕ್ಕಟೆಯಾಗಿ ಕೆಟ್ಟವರಾದರು. ಏನೂ ಸಿಗದೆ, ಯಾರೂ ಬಲವಂತ ಮಾಡದೆ, ಸುಮ್ಮನೆ ಎಲ್ಲರೂ ಹೌದೆನ್ನುವಾಗ ತಾನೂ ಒಂದು ಹೌದು ಸೇರಿಸಿದವರು. ಅವರನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ.

ಹೊಸ ಸಂಸಾರ ಹೂಡುವ ದಿನ ಸುಬ್ಬಯ್ಯನವರು ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಕುಪ್ಪಸದ ಕಣ ಇಟ್ಟುಕೊಂಡು, ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹಿಂದೆ ಗುಮಾಸ್ತರು, ತುಕ್ಕಪ್ಪ. ಮಗಳ ಕೈಯಲ್ಲಿ ಹೊಳೆಯುವ ಹಿತ್ತಾಳೆಯ ಅಗ್ಗಿಷ್ಟಿಕೆ, ಮಣ್ಣಿನ ಬೋಕಿ ಅವರ ಅಂತಸ್ತಿಗೆ ಸಾಲದು. ಅಜ್ಜಿ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎದ್ದು ಬರಲಿಲ್ಲ, ಅಲ್ಲಿಂದಲೇ ಪಡಸಾಲೆ ಕಾಣುತ್ತಿತ್ತು, ಮಾತು ಕೇಳುತ್ತಿತ್ತು.

“ಏನ್ ಬಂದ್ರಿ ಸುಬ್ಬಯ್ಯನೋರ?”

“ಕೆಂಡಕ್ಕಮ್ಮಾ. ಅಮ್ಮಾಯಿ ಒಲೆ ಹಚ್ಚಾಲ ಕದಾ. ಮೀ ಚೇತಿ ಕೆಂಡ, ನಿಮ್ಮ ಕೈ ಗುಣ.”

“ಯಾವ ಮನಿಗೆ?”

ಸುಬ್ಬಯ್ಯನವರು ನಕ್ಕರು. ಎದುರಿನ ಶೆಟ್ಟರ ಮನೆಗೆ ಎಂದರು. ಗೊತ್ತಿದ್ದೂ ಕೇಳುತ್ತಾಳೆಂದು ತುಕ್ಕಪ್ಪನೂ ನಕ್ಕ. ಅಜ್ಜಿ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿ, ಅದರ ಮೇಲೆ ನೀರು ಸವರಿದಳು.

“ಆ ಮನಿಗೆ ನಮ್ಮ ಕೆಂಡ ಕೊಟ್ಟಾಗೈತ್ರಿ. ನನ್ನ ಸೊಸಿ ಕೊಟ್ಟಾಳ, ನನ್ನ ಮೊಮ್ಮಗಳು ಹೊತ್ತಾಳ, ನಾನು ಕಣ್ಣಾರೆ ನೋಡೀನಿ. ಒಂದು ಮನಿಗೆ ಎರಡು ಸಲ ಕೊಡೋ ಪದ್ಧತಿ ನಮ್ಮಲ್ಲಿಲ್ಲ.”

ಕೋರ್ಟಿನ ಗಾಳಿ ಕುಡಿದವರಾದ್ದರಿಂದ ಸುಬ್ಬಯ್ಯನವರು ಬೇಗ ಸುಧಾರಿಸಿಕೊಂಡರು. ಅದು ಹಿತ್ತಲ ಒಲೆಯ ಕೆಂಡ, ಲೆಕ್ಕಕ್ಕಿಲ್ಲವೆಂದು ಹಿರಿಯರೆಲ್ಲ ಸೇರಿ ತೀರ್ಮಾನಿಸಿದ್ದೇವಲ್ಲ ಎಂದರು. ಅಜ್ಜಿ ಅದಕ್ಕೆ, ತನ್ನ ಮನೆಯ ಒಲೆಗಳಲ್ಲಿ ಯಾವುದು ಲೆಕ್ಕಕ್ಕಿದೆ ಯಾವುದಿಲ್ಲ ಎಂದು ನೋಡಲು ಅವರನ್ನು ಯಾವ ಸರಕಾರ ನೇಮಿಸಿದೆಯೆಂದು ಬಹಳ ಮರ್ಯಾದೆಯಿಂದ ಕೇಳಿದಳು. ಆಗ ಗುಮಾಸ್ತರು ಅಳುಕುತ್ತ, ತಮ್ಮ ಮನೆಗೆ ಎರಡು ಸಲ ಕೊಟ್ಟದ್ದನ್ನು ನೆನಪಿಸಿದರು.

“ನಿಮ್ಮಾಕಿ ತಿಳೀದ ಆರಿಸಿದ್ಳು, ಕೊಟ್ವಿ. ಇವ್ರು ತಿಳಿದು ಆರಿಸ್ಯಾರ. ಸುಬ್ಬಯ್ಯನೋರ, ಆ ಮನಿ ಒಲಿಯಾಗ ಬೂದಿ ಇನ್ನ ಇರಬೇಕು ನೋಡ್ರಿ. ಹೋಗಿ ಕೆದಕ್ರಿ. ನಮ್ಮ ಕೆಂಡ ಅಲ್ಲೇ ಐತಿ.”

ಅವರು ತಟ್ಟೆ ಎತ್ತಿಕೊಂಡು ಹೋದರು. ಆ ಮಗಳು ಪಾಪ, ಏನೂ ತಿಳಿಯದವಳು, ಅಗ್ಗಿಷ್ಟಿಕೆ ಹಿಡಿದುಕೊಂಡು ಒಂದು ಕ್ಷಣ ಹಿಂದೆ ಉಳಿದು ನನ್ನನ್ನು ನೋಡಿದಳು. ಅಪ್ಪ ಕರೆದ ಮೇಲೆ ಹೋದಳು. ಸಂಜೆಯೊಳಗೆ ಅವರ ಒಲೆ ಕಡ್ಡಿಪೆಟ್ಟಿಗೆಯಿಂದ ಹೊತ್ತಿತು. ಅದಾದ ಮೇಲೆ ಬಂದವರು ಯಾರೂ ನಮ್ಮಲ್ಲಿ ಕೇಳಲಿಲ್ಲ. ನನ್ನ ಹುದ್ದೆ ರದ್ದಾಯಿತು. ಬಂದವರ ಮೇಲೆ ಬಂದವರು ಬಂದರು, ಪೇಟೆ ಬೆಳೆಯಿತು, ಯಾರ ಮನೆಯ ಬೆಂಕಿ ಯಾರದೆಂದು ಕೇಳುವ ಅಗತ್ಯ ಬೀಳಲಿಲ್ಲ. ಸುಬ್ಬಯ್ಯನವರ ಮೊಮ್ಮಕ್ಕಳು ಇಂದು ಅಲ್ಲಿನ ಹಳಬರು.

ಆದರೆ ಸುಬ್ಬಯ್ಯನವರು ತಟ್ಟೆ ಎತ್ತಿಕೊಂಡು ಹೋದ ಆ ಬೆಳಗ್ಗೆ ನಾನು ಅಜ್ಜಿಯ ತೀರ್ಪಿಗೆ ಹಿಗ್ಗಿ ಕುಣಿಯುವುದರಲ್ಲಿದ್ದೆ. ಇಷ್ಟು ದಿನ ಮಾತು ಬಿಟ್ಟಿದ್ದ ಇಬ್ಬರು ಇನ್ನು ಮಾತಾಡುತ್ತಾರೆಂದುಕೊಂಡೆ. ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವ್ವ ಒಳಗೆ ಬಂದಳು. ಮುದ್ದೆಕೋಲು ಕೈಯಲ್ಲೇ ಇತ್ತು. ಮುಖದಲ್ಲಿ ನಗುವಿರಲಿಲ್ಲ. ನನ್ನನ್ನು ಮಧ್ಯಕ್ಕೆ ಕರೆಯದೆ ತಾನೇ ಕೇಳಿದಳು.

“ಇದೇ ಮಾತ ಆ ಗಾಡಿ ಹೋಗಾಕ್ ಮುಂಚೆ ಅಂದಿದ್ರೆ ಏನಾಗ್ತಿತ್ತು ಅತ್ತೆ?”

ಅಜ್ಜಿ ತಲೆ ಎತ್ತಲಿಲ್ಲ. ಹಿಟ್ಟು ನಾದುವ ಕೊಣಮಿಗೆಯಲ್ಲಿ ಕೈಯಿಟ್ಟು ಹಾಗೆಯೇ ಕೂತಳು. ಹಂಚಿನ ಮೇಲಿನ ರೊಟ್ಟಿಯ ಅಂಚು ಮೊದಲು ಕಂದಿತು, ಆಮೇಲೆ ಕರ್ರಗಾಯಿತು, ಮನೆಯೆಲ್ಲ ಸೀದ ವಾಸನೆ ತುಂಬಿತು. ತಿರುವಿ ಹಾಕೆಂದು ಹೇಳುವ ಧೈರ್ಯ ನನಗೂ ಬರಲಿಲ್ಲ, ಅವ್ವನೂ ಹೇಳಲಿಲ್ಲ.